ನೆಡುತೋಪಿನಲ್ಲಿ ಮರಗಳ ಅಂತರ ಮತ್ತು ಕಾಂಡದ ರೂಪ: ದಪ್ಪ ಮರವೆಲ್ಲ ಒಳ್ಳೆಯ ನಾಟಾ ಆಗುತ್ತದೆಯೇ?

ತೋಪಿನೊಡೆಯ

ಎಲ್ಲರಿಗೂ ನಮಸ್ಕಾರ. 14 ವರ್ಷಗಳ ಹಿಂದೆ, ಒಂದೇ ಮಳೆಗಾಲದಲ್ಲಿ, ಒಂದೇ ಸಸಿಮಡಿಯಿಂದ ತಂದ ತೇಗದ ಸಸಿಗಳನ್ನು ಅಕ್ಕಪಕ್ಕದ ಎರಡು ತುಂಡು ನೆಲದಲ್ಲಿ ನೆಟ್ಟಿದ್ದೆ. ಮೊದಲನೆಯದರಲ್ಲಿ ಸಸಿಯಿಂದ ಸಸಿಗೆ 2 ಮೀಟರ್ ಬಿಟ್ಟೆ, ಅಂದರೆ ಹೆಕ್ಟೇರಿಗೆ 2500 ಸಸಿಗಳ ಲೆಕ್ಕ. ಎರಡನೆಯದರಲ್ಲಿ 4 ಮೀಟರ್ ಬಿಟ್ಟೆ, ಅಂದರೆ ಹೆಕ್ಟೇರಿಗೆ 625. ಆಮೇಲೆ ಎರಡು ಕಡೆಯೂ ಒಂದು ಮರವನ್ನೂ ತೆಗೆಯಲಿಲ್ಲ, ಒಂದು ಕೊಂಬೆಯನ್ನೂ ಸವರಲಿಲ್ಲ. ಈಗ ದಟ್ಟ ತೋಪಿನ ಮರಗಳು ಎದೆಮಟ್ಟದಲ್ಲಿ ಸರಾಸರಿ 12 ಸೆಂಟಿಮೀಟರ್ ವ್ಯಾಸಕ್ಕೆ ಬಂದಿವೆ, ವಿರಳ ತೋಪಿನವು 20 ಸೆಂಟಿಮೀಟರಿಗೆ ಬಂದಿವೆ. ಎತ್ತರ ಮಾತ್ರ ಎರಡು ಕಡೆಯೂ 13 ಮೀಟರ್ ಆಸುಪಾಸಿನಲ್ಲೇ ಇದೆ.

ಹೋದ ತಿಂಗಳು ಎರಡರಿಂದಲೂ ಕೆಲವು ಮರಗಳನ್ನು ಕಡಿದು ಸಾಮಿಲ್ಲಿನಲ್ಲಿ ಸೀಳಿಸಿದೆ. ವಿರಳ ತೋಪಿನ ದಪ್ಪ ಮರಗಳ ಮೇಲೆ ನನಗೆ ಹೆಚ್ಚು ಭರವಸೆಯಿತ್ತು, ಆದರೆ ಅವುಗಳ ಹಲಗೆಗಳ ತುಂಬ ಗಂಟುಗಳಿದ್ದವು, ಕೆಲವು ಗಂಟುಗಳು ಒಣಗಿದ ಮೇಲೆ ಕಳಚಿಬಿದ್ದು ತೂತುಗಳಾದವು, ಮೂರ್ನಾಲ್ಕು ಹಲಗೆಗಳು ಬಿಲ್ಲಿನಂತೆ ಬಾಗಿದವು. ದಟ್ಟ ತೋಪಿನ ಮರಗಳಲ್ಲಿ ಗಂಟು ಕಡಿಮೆ, ಕಾಂಡ ನೇರ, ಆದರೆ ಹಲಗೆ ಎನ್ನುವಷ್ಟು ಅಗಲವೇ ಸಿಗಲಿಲ್ಲ. ಯಾವ ಅಂತರ ಸರಿಯಾಗಿತ್ತು ಎಂದು ಕೇಳುವುದು ಈಗ ತಡವಾದ ಪ್ರಶ್ನೆ ಎಂಬುದು ಗೊತ್ತಿದೆ. ಆದರೂ ಹೀಗಾಗಲು ಕಾರಣವೇನು, ನಿಂತಿರುವ ಮರಗಳಿಗೆ ಇನ್ನು ಏನು ಮಾಡಬಹುದು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು.

ದಿಮ್ಮಿ ಅಳೆಯುವವ

ನಿಮ್ಮ ಎರಡು ತೋಪುಗಳ ಕಥೆಯನ್ನು ನಾನು ಗರಗಸದ ಈಚೆ ಬದಿಯಿಂದ ನೋಡುತ್ತೇನೆ, ಏಕೆಂದರೆ ಬಹಳ ವರ್ಷಗಳಿಂದ ನನ್ನ ಕೆಲಸವೇ ದಿಮ್ಮಿಯ ತುದಿ ನೋಡಿ ಒಳಗೆಷ್ಟು ಹಲಗೆಯಿದೆ ಎಂದು ಅಂದಾಜು ಮಾಡುವುದು. ಸುತ್ತಳತೆಯೊಂದನ್ನೇ ನೋಡಿ ಮರವನ್ನು ಬೆಲೆಕಟ್ಟುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಒಂದು, ಕಾಂಡ ಬುಡದಿಂದ ತುದಿಗೆ ಎಷ್ಟು ಬೇಗ ಸಪೂರವಾಗುತ್ತದೆ ಎಂಬುದು. ಇನ್ನೊಂದು, ಅದು ಎಷ್ಟು ಡೊಂಕಾಗಿದೆ ಎಂಬುದು.

5 ಮೀಟರ್ ಉದ್ದದ, ತುದಿಯಲ್ಲಿ 20 ಸೆಂಟಿಮೀಟರ್ ವ್ಯಾಸವಿರುವ ಎರಡು ದಿಮ್ಮಿಗಳಿವೆ ಎಂದಿಟ್ಟುಕೊಳ್ಳಿ. ಒಂದು ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಸಪೂರವಾಗುತ್ತದೆ, ಆದ್ದರಿಂದ ಅದರ ಬುಡ 25 ಸೆಂಟಿಮೀಟರ್. ಇನ್ನೊಂದು ಮೀಟರಿಗೆ 2 ಸೆಂಟಿಮೀಟರ್ ಸಪೂರವಾಗುತ್ತದೆ, ಅದರ ಬುಡ 30. ಉದ್ದಕ್ಕೂ ಸಮನಾಗಿ ಹೊರಬರುವ ಹಲಗೆಗಳು ತುದಿಯ ವ್ಯಾಸದ ಉರುಳೆಯೊಳಗಿನಿಂದಲೇ ಬರಬೇಕು. ಮೊದಲ ದಿಮ್ಮಿಯ ಒಟ್ಟು ಗಾತ್ರದಲ್ಲಿ ಆ ಉರುಳೆಯ ಪಾಲು ಸುಮಾರು 79%, ಎರಡನೆಯದರಲ್ಲಿ ಸುಮಾರು 63%. ಉಳಿದದ್ದರಲ್ಲಿ ಕೆಲವು ಗಿಡ್ಡ ತುಂಡುಗಳು ದಕ್ಕಬಹುದು, ಹೆಚ್ಚಿನದು ಹೊರಗಿನ ಸೀಳುಗಳಾಗಿ ಹೋಗುತ್ತದೆ. ಬಯಲಿನಲ್ಲಿ ಒಂಟಿಯಾಗಿ ಬೆಳೆದ ಮರದಂತೆ ವಿರಳ ತೋಪಿನ ಮರಗಳೂ ಬುಡದಲ್ಲಿ ಹೆಚ್ಚು ದಪ್ಪವಾಗುತ್ತವೆ, ಆದ್ದರಿಂದ ಎದೆಮಟ್ಟದಲ್ಲಿ ಅಳೆದ ವ್ಯಾಸ ಮೇಲಿನ ದಿಮ್ಮಿಯ ಬಗ್ಗೆ ಪೂರ್ತಿ ನಿಜವನ್ನು ಹೇಳುವುದಿಲ್ಲ.

ಡೊಂಕಿನ ಲೆಕ್ಕ ಇನ್ನೂ ಕಠಿಣ. 25 ಸೆಂಟಿಮೀಟರ್ ವ್ಯಾಸದ, 5 ಮೀಟರ್ ಉದ್ದದ ದಿಮ್ಮಿ ನಡುವೆ 5 ಸೆಂಟಿಮೀಟರ್ ಬಾಗಿದ್ದರೆ ಅದರೊಳಗೆ ಕೂರುವ ನೇರ ಉರುಳೆಯ ವ್ಯಾಸ 20 ಸೆಂಟಿಮೀಟರ್ ಮಾತ್ರ, ಅಂದರೆ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ 64% ಉಳಿಯುತ್ತದೆ. ಅದೇ ದಿಮ್ಮಿಯನ್ನು ನಡುವೆ ಕತ್ತರಿಸಿ 2.5 ಮೀಟರಿನ ಎರಡು ತುಂಡು ಮಾಡಿದರೆ ಪ್ರತಿ ತುಂಡಿನ ಡೊಂಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ, ಅಂದರೆ 1.25 ಸೆಂಟಿಮೀಟರಿಗೆ ಇಳಿಯುತ್ತದೆ ಮತ್ತು 90% ಉಳಿಯುತ್ತದೆ. ಆದ್ದರಿಂದ ಡೊಂಕು ಮರವಿದ್ದವರು ದಿಮ್ಮಿ ತುಂಡರಿಸುವ ಮುನ್ನವೇ ಯಾವ ಉದ್ದ ಬೇಕೆಂದು ಯೋಚಿಸಬೇಕು. ತೋಪಿನಲ್ಲೇ ಕಣ್ಣಂದಾಜಿನಲ್ಲಿ ಕತ್ತರಿಸಿ ತಂದ ದಿಮ್ಮಿಗಳನ್ನು ನೋಡಿದಾಗ, ಒಂದೆರಡು ಅಡಿ ಆಚೀಚೆ ಕತ್ತರಿಸಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ.

ಹಂದರ

ತೋಪಿನೊಡೆಯರೇ, ನಿಮ್ಮ ಎತ್ತರದ ಅಳತೆಯೇ ಈ ಚರ್ಚೆಗೆ ಒಳ್ಳೆಯ ಆರಂಭ. ಬಹುತೇಕ ಜಾತಿಗಳಲ್ಲಿ ಮೇಲ್ಪಂಕ್ತಿಯ ಮರಗಳ ಎತ್ತರವನ್ನು ನೆಲದ ಗುಣವೂ ವಯಸ್ಸೂ ನಿರ್ಧರಿಸುತ್ತವೆ, ಅಂತರದ ಪಾತ್ರ ಅಲ್ಪ. ಅಂತರ ನೇರವಾಗಿ ಮುಟ್ಟುವುದು ಮರದ ಹಸಿರು ಮುಡಿಯನ್ನು, ಅಂದರೆ ಜೀವಂತ ಕೊಂಬೆಗಳಿರುವ ಭಾಗವನ್ನು. ಕಾಂಡದ ರೂಪ, ಗಂಟಿನ ಗಾತ್ರ, ಉಂಗುರದ ಅಗಲ ಇವೆಲ್ಲವೂ ಮುಡಿಯ ಮೂಲಕವೇ ಬದಲಾಗುತ್ತವೆ.

ಅದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಕ್ಕಪಕ್ಕದ ಮರಗಳ ಕೊಂಬೆಗಳು ಒಂದನ್ನೊಂದು ಮುಟ್ಟಿ ಹಂದರ ಮುಚ್ಚಿದಾಗ ಕೆಳಗಿನ ಕೊಂಬೆಗಳಿಗೆ ಬೆಳಕು ಸಿಗದೆ ಅವು ದಪ್ಪವಾಗುವುದು ನಿಂತು, ಕ್ರಮೇಣ ಸಾಯುತ್ತವೆ. 2 ಮೀಟರ್ ಅಂತರದಲ್ಲಿ ಇದು ಬೇಗ ನಡೆಯುವುದರಿಂದ ಕೊಂಬೆಗಳು ಸಪೂರವಾಗಿರುವಾಗಲೇ ಸತ್ತು ಉದುರುತ್ತವೆ. 4 ಮೀಟರ್ ಅಂತರದಲ್ಲಿ ಅದೇ ಕೊಂಬೆಗಳು ಇನ್ನೂ ಹಲವು ವರ್ಷ ಬದುಕಿ ದಪ್ಪವಾಗಿ ಬೆಳೆದು, ಸತ್ತ ಮೇಲೂ ಬೇಗ ಉದುರದೆ ಕಾಂಡಕ್ಕೆ ಅಂಟಿಕೊಂಡಿರುತ್ತವೆ. ಕೊಂಬೆ ಜೀವಂತವಾಗಿದ್ದಾಗ ಅದರ ನಾರು ಕಾಂಡದ ನಾರಿನೊಂದಿಗೆ ಬೆಸೆದುಕೊಂಡಿರುತ್ತದೆ, ಆಗ ಹಲಗೆಯಲ್ಲಿ ಕಾಣುವುದು ಗಟ್ಟಿಯಾಗಿ ಕೂತ ಗಂಟು. ಕೊಂಬೆ ಸತ್ತ ಮೇಲೆ ಕಾಂಡ ಅದನ್ನು ಬೆಸೆಯುವುದಿಲ್ಲ, ಸುಮ್ಮನೆ ಸುತ್ತುವರಿಯುತ್ತದೆ, ಕೆಲವೊಮ್ಮೆ ತೊಗಟೆಯ ಸಮೇತ. ಒಣಗಿದ ಮೇಲೆ ನಿಮ್ಮ ಹಲಗೆಯಿಂದ ಕಳಚಿಬಿದ್ದದ್ದು ಇಂಥ ಸತ್ತ ಗಂಟು. ಗಂಟಿನಿಂದ ಹಲಗೆಯ ಬಲ ಕುಂದುವುದಕ್ಕೆ ಮುಖ್ಯ ಕಾರಣ ಅದರ ಸುತ್ತ ನಾರು ಓರೆಯಾಗಿ ಹರಿಯುವುದು. ಗಂಟು ದೊಡ್ಡದಾದಷ್ಟೂ ಆ ಓರೆ ಹೆಚ್ಚು ದೂರ ಹರಡುತ್ತದೆ.

ಕಾಂಡದ ಆಕಾರಕ್ಕೂ ಮುಡಿಗೂ ಇರುವ ನಂಟನ್ನು ಹಳೆಯ ಅರಣ್ಯಶಾಸ್ತ್ರಜ್ಞರೇ ಕಂಡುಕೊಂಡಿದ್ದರು. ಮುಡಿಯ ಕೆಳಗಿನ ಕಾಂಡದಲ್ಲಿ ಪ್ರತಿ ವರ್ಷ ಸೇರುವ ಅಡ್ಡಕೊಯ್ತದ ವಿಸ್ತೀರ್ಣ ಎಲ್ಲ ಎತ್ತರದಲ್ಲೂ ಹೆಚ್ಚುಕಡಿಮೆ ಒಂದೇ ಎಂದು 19ನೆಯ ಶತಮಾನದಲ್ಲೇ ಜರ್ಮನಿಯ ಪ್ರೆಸ್ಲರ್ ಹೇಳಿದರು. ಮೇಲ್ಭಾಗದ ಕಾಂಡ ಸಪೂರವಾಗಿರುವುದರಿಂದ ಅಷ್ಟೇ ವಿಸ್ತೀರ್ಣ ಅಲ್ಲಿ ಅಗಲವಾದ ಉಂಗುರವಾಗುತ್ತದೆ, ಹೀಗಾಗಿ ಮುಡಿ ಮೇಲೇರಿದ ಮರದ ಕಾಂಡ ವರ್ಷ ಕಳೆದಂತೆ ಉರುಳೆಯ ರೂಪಕ್ಕೆ ಹತ್ತಿರವಾಗುತ್ತದೆ. ಮುಡಿ ನೆಲಮುಟ್ಟ ಇಳಿದಿರುವ ಮರದಲ್ಲಿ ಬುಡದ ಉಂಗುರಗಳೂ ಅಗಲವಾಗಿಯೇ ಇದ್ದು ಕಾಂಡ ಶಂಕುವಿನ ರೂಪ ತಾಳುತ್ತದೆ. ಇದರ ಜೊತೆಗೆ ಗಾಳಿಯ ಪಾತ್ರವನ್ನೂ ಮರೆಯಬಾರದು. ಕಾಂಡವೆಂದರೆ ನೆಲದಲ್ಲಿ ಹುಗಿದ ಕಂಬ, ಗಾಳಿ ಮುಡಿಯನ್ನು ತಳ್ಳಿದಾಗ ಹೆಚ್ಚು ಒತ್ತಡ ಬೀಳುವ ಕಡೆ ಅದು ಹೆಚ್ಚು ದಪ್ಪವಾಗುತ್ತದೆ ಎಂಬ ವಿಚಾರವನ್ನು ಮೆಟ್ಜ್‌ಗರ್ 1893ರಲ್ಲಿ ಮುಂದಿಟ್ಟರು. ವಿರಳ ತೋಪಿನ ಮರಕ್ಕೆ ದೊಡ್ಡ ಮುಡಿ, ಹೆಚ್ಚು ಗಾಳಿ ಎರಡೂ ಇರುವುದರಿಂದ ಬುಡ ದಪ್ಪವಾಗುವುದು ಸಹಜ. ನಾಟಾ ಬೇಕಾದ ನಮಗೆ ಅದು ದೋಷವಾಗಿ ಕಾಣುತ್ತದೆ, ಮರಕ್ಕೆ ಮಾತ್ರ ಅದು ನೆಲಕ್ಕುರುಳದೆ ನಿಲ್ಲುವ ದಾರಿ.

ಉಂಗುರ

ಗಂಟು ಮತ್ತು ಡೊಂಕು ಕಣ್ಣಿಗೆ ಕಾಣುವ ದೋಷಗಳು. ನಾನು ಕಾಣದ ಒಂದರ ಬಗ್ಗೆ ಬರೆಯುತ್ತೇನೆ.

ಯಾವುದೇ ಮರದ ನಡುದಿಂಡಿನ ಸುತ್ತಲಿನ ಮೊದಲ ಕೆಲವು ಉಂಗುರಗಳ ಕಟ್ಟಿಗೆ, ಬಡಗಿಗಳ ಮಾತಿನಲ್ಲಿ ಹೇಳುವುದಾದರೆ, ಎಳಸು. ಜಾತಿಗೆ ತಕ್ಕಂತೆ ಇದು 10ರಿಂದ 20 ಉಂಗುರಗಳವರೆಗೆ ಇರಬಹುದು. ಕಟ್ಟಿಗೆಯ ಪ್ರತಿ ನಾರುಕೋಶದ ಗೋಡೆಯಲ್ಲಿ ಸೆಲ್ಯುಲೋಸಿನ ಅತಿ ಸೂಕ್ಷ್ಮ ಎಳೆಗಳು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಬಲಿತ ಕಟ್ಟಿಗೆಯಲ್ಲಿ ಆ ಸುರುಳಿ ಕೋಶದ ಉದ್ದಕ್ಕೆ ಬಹುತೇಕ ಸಮಾನಾಂತರವಾಗಿ, ಸುಮಾರು 10ರಿಂದ 15 ಡಿಗ್ರಿ ಓರೆಯಲ್ಲಿರುತ್ತದೆ. ಎಳಸು ಕಟ್ಟಿಗೆಯಲ್ಲಿ, ವಿಶೇಷವಾಗಿ ಪೈನ್ ಮರಗಳಲ್ಲಿ, ಅದು 30 ಡಿಗ್ರಿಯನ್ನೂ ಮೀರುತ್ತದೆ. ಓರೆ ಹೆಚ್ಚಾದಷ್ಟೂ ಕಟ್ಟಿಗೆಯ ಬಿಗುಪು ಕಡಿಮೆಯಾಗಿ, ಒಣಗುವಾಗ ಅದು ಉದ್ದದಲ್ಲೂ ಕುಗ್ಗುತ್ತದೆ. ಬಲಿತ ಕಟ್ಟಿಗೆ ಉದ್ದದಲ್ಲಿ ಕುಗ್ಗುವುದು 0.1ರಿಂದ 0.3% ಮಾತ್ರ, ಎಳಸಿನಲ್ಲಿ ಅದು ಇದರ ಹಲವು ಪಟ್ಟು ಆಗಬಹುದು.

ಅಂತರದ ವಿಷಯ ಇಲ್ಲಿಗೆ ಬಂದು ಸೇರುತ್ತದೆ. ಎಳಸು ಎಷ್ಟು ವರ್ಷಗಳವರೆಗೆ ಇರುತ್ತದೆ ಎಂಬುದನ್ನು ಬಹುಮಟ್ಟಿಗೆ ಮರದ ವಯಸ್ಸು ನಿರ್ಧರಿಸುತ್ತದೆ, ಆದರೆ ಆ ವರ್ಷಗಳಲ್ಲಿ ಎಷ್ಟು ದಪ್ಪದ ಎಳಸು ಸೇರುತ್ತದೆ ಎಂಬುದನ್ನು ಅಂತರ ನಿರ್ಧರಿಸುತ್ತದೆ. ಒಂದು ಪೈನ್ ಮರದಲ್ಲಿ ಮೊದಲ 10 ಉಂಗುರಗಳು ಎಳಸು ಎಂದಿಟ್ಟುಕೊಳ್ಳೋಣ. ವಿರಳವಾಗಿ ನೆಟ್ಟು ಪ್ರತಿ ಉಂಗುರ 10 ಮಿಲಿಮೀಟರ್ ಆದರೆ ಎಳಸಿನ ವ್ಯಾಸ 20 ಸೆಂಟಿಮೀಟರ್. ದಟ್ಟವಾಗಿ ನೆಟ್ಟು ಉಂಗುರ 5 ಮಿಲಿಮೀಟರ್ ಆದರೆ 10 ಸೆಂಟಿಮೀಟರ್. ಎರಡನ್ನೂ 30 ಸೆಂಟಿಮೀಟರ್ ವ್ಯಾಸಕ್ಕೆ ಬಂದಾಗ ಕಡಿದರೆ ಮೊದಲನೆಯದರ ಅಡ್ಡಕೊಯ್ತದಲ್ಲಿ 44% ಎಳಸು, ಎರಡನೆಯದರಲ್ಲಿ 11%. ಹೊರಗಿನಿಂದ ನೋಡಿದರೆ ಎರಡೂ ಒಂದೇ ದಪ್ಪದ ದಿಮ್ಮಿಗಳು.

ತೋಪಿನೊಡೆಯ

ಹಾಗಾದರೆ ಬೇಗ ಬೆಳೆದ ಮರವೆಲ್ಲ ಮೆತ್ತನೆಯ ಮರ ಎಂದು ಅರ್ಥವೇ? ನನ್ನ ತೇಗಕ್ಕೂ ಈ ಲೆಕ್ಕವೇ ಅನ್ವಯವಾಗುತ್ತದೆಯೇ?

ಉಂಗುರ

ಇಲ್ಲ, ಮತ್ತು ಈ ಪ್ರಶ್ನೆ ಕೇಳಿದ್ದಕ್ಕೆ ಧನ್ಯವಾದ, ಏಕೆಂದರೆ ಬೇಗ ಬೆಳೆದರೆ ಮೆತ್ತಗೆ ಎಂಬ ಮಾತು ಎಲ್ಲ ಮರಗಳ ಮೇಲೂ ಹೇರಲ್ಪಟ್ಟಿದೆ. ಸ್ಪ್ರೂಸ್‌ನಂಥ ಸೂಜಿಯೆಲೆ ಮರಗಳಲ್ಲಿ ಅಗಲ ಉಂಗುರ ಎಂದರೆ ಹಗುರ ಕಟ್ಟಿಗೆ ಎನ್ನುವುದಕ್ಕೆ ಆಧಾರವಿದೆ. ಓಕ್, ಆ್ಯಶ್‌ನಂಥ ಮರಗಳಲ್ಲಿ ಪ್ರತಿ ವರ್ಷದ ಆರಂಭದಲ್ಲಿ ದೊಡ್ಡ ರಂಧ್ರಗಳ ಒಂದು ಪಟ್ಟಿ ಮೂಡುತ್ತದೆ. ಆ ಪಟ್ಟಿಯ ಅಗಲ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಉಂಗುರ ಅಗಲವಾದಾಗ ಹೆಚ್ಚುವುದು ಅದರಾಚೆಯ ಗಟ್ಟಿ ಕಟ್ಟಿಗೆಯ ಪಾಲು. ಅಂಥ ಮರಗಳಲ್ಲಿ ಅತಿ ಸಣ್ಣ ಉಂಗುರದ ಕಟ್ಟಿಗೆಯೇ ಹಗುರವೂ ದುರ್ಬಲವೂ ಆಗಿರುತ್ತದೆ. ತೇಗವೂ ಇವುಗಳಂತೆಯೇ ರಂಧ್ರಗಳ ಪಟ್ಟಿಯಿರುವ, ಅಂದರೆ ಉಂಗುರರಂಧ್ರದ ಮರ. ವೇಗವಾಗಿ ಬೆಳೆದ ಮಾತ್ರಕ್ಕೆ ಅದರ ಬಲ ಕುಗ್ಗುತ್ತದೆ ಎನ್ನುವಂತಿಲ್ಲ, ಅದರಲ್ಲಿ ಎಳಸು ಮತ್ತು ಬಲಿತ ಕಟ್ಟಿಗೆಗಳ ನಡುವಿನ ವ್ಯತ್ಯಾಸ ಪೈನ್‌ನಷ್ಟು ತೀವ್ರವೂ ಅಲ್ಲ. ನೀಲಗಿರಿಯಂಥ, ರಂಧ್ರಗಳು ಉಂಗುರದ ತುಂಬ ಹರಡಿರುವ ಮರಗಳಲ್ಲಿ ಉಂಗುರದ ಅಗಲಕ್ಕೂ ಸಾಂದ್ರತೆಗೂ ಬಿಗಿಯಾದ ಸಂಬಂಧವೇ ಇಲ್ಲ.

ತೇಗದಲ್ಲಿ ಇನ್ನೊಂದು ಲಾಭವೂ ಇದೆ. ಒಂದೇ ವಯಸ್ಸಿನ ಮರಗಳಲ್ಲಿ ದಪ್ಪ ಮರಕ್ಕೆ ಚೇಗಿನ, ಅಂದರೆ ಒಳಗಿನ ಕಡುಬಣ್ಣದ ಕಟ್ಟಿಗೆಯ, ವ್ಯಾಸವೂ ಹೆಚ್ಚು, ಒಟ್ಟಿನಲ್ಲಿ ಚೇಗಿನ ಪಾಲೂ ಹೆಚ್ಚು. ನಿಮ್ಮ ದಟ್ಟ ತೋಪಿನ 12 ಸೆಂಟಿಮೀಟರಿನ ಮರಗಳಲ್ಲಿ ಹೊರಗಿನ ಬಿಳಿ ಕಟ್ಟಿಗೆ ಹೋದರೆ ಚೇಗು ಬಹಳ ಉಳಿದಿರಲಾರದು. ಹಾಗಾಗಿ ನಿಮ್ಮ ವಿರಳ ತೋಪಿನ ತೊಂದರೆಗೆ ಬೆಳವಣಿಗೆಯ ವೇಗಕ್ಕಿಂತ ಕೊಂಬೆಗಳನ್ನು ಹೊಣೆ ಮಾಡುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಸವರುಗತ್ತಿ

ಇಲ್ಲಿಯವರೆಗಿನ ಮಾತುಗಳನ್ನು ಓದಿದ ಮೇಲೆ ನನ್ನದೊಂದು ಭಿನ್ನಾಭಿಪ್ರಾಯವನ್ನು ಮಂಡಿಸುತ್ತೇನೆ. ತೊಂದರೆ ಕೊಂಬೆಯದ್ದಾದರೆ ಕೊಂಬೆಯನ್ನು ಸವರಿಬಿಡಬಹುದಲ್ಲ? ದೂರ ದೂರ ನೆಟ್ಟು, ಮೊದಲ 6 ಮೀಟರ್ ಕಾಂಡವನ್ನು ಎರಡು ಮೂರು ಹಂತಗಳಲ್ಲಿ ಸವರಿದರೆ ಕಡಿಮೆ ಸಸಿ, ಕಡಿಮೆ ಕೂಲಿ, ಬೇಗ ದಪ್ಪ, ಗಂಟಿಲ್ಲದ ಹಲಗೆ ಎಲ್ಲವೂ ಸಿಗುತ್ತವೆ. ನ್ಯೂಜಿಲೆಂಡಿನಲ್ಲಿ ರೇಡಿಯೇಟಾ ಪೈನ್ ಬೆಳೆಯುವವರು ಬೇಗನೆ ವಿರಳಗೊಳಿಸಿ, ಬುಡದ ದಿಮ್ಮಿಯನ್ನು ಸುಮಾರು 6 ಮೀಟರಿನವರೆಗೆ ಸವರಿ, 25ರಿಂದ 30 ವರ್ಷಗಳಲ್ಲಿ ಕಟಾವು ಮಾಡುವ ಪದ್ಧತಿಯನ್ನು ಬಹಳ ಕಾಲದಿಂದ ನಡೆಸಿದ್ದಾರೆ. 2500 ಸಸಿ ನೆಟ್ಟು, ಅದರಲ್ಲಿ ಬಹುಪಾಲನ್ನು ನಾವೇ ಕಡಿದು ಹಾಕುವುದರಲ್ಲಿ ಅರ್ಥವೇನು?

ಹಂದರ

ಸವರುಗತ್ತಿಯವರ ಮಾತಿನಲ್ಲಿ ಬಲವಿದೆ. ಸಕಾಲದಲ್ಲಿ ಸವರಿದ ವಿರಳ ತೋಪು, ಸವರದೆ ಬಿಟ್ಟ ವಿರಳ ತೋಪಿಗಿಂತ ಎಷ್ಟೋ ಮೇಲು. ಗಂಟುಗಳೆಲ್ಲ ಕಾಂಡದ ನಡುವಿನ 15 ಸೆಂಟಿಮೀಟರ್ ವ್ಯಾಸದೊಳಗೆ ಉಳಿಯುವಂತೆ ಸವರಿ, ಮರವನ್ನು 40 ಸೆಂಟಿಮೀಟರಿನವರೆಗೆ ಬೆಳೆಸಿದರೆ ಅಡ್ಡಕೊಯ್ತದ 86% ಗಂಟಿಲ್ಲದ ಕಟ್ಟಿಗೆಯಾಗುತ್ತದೆ. ಆದರೆ ಎರಡು ವಿಷಯಗಳಲ್ಲಿ ನಾನು ಒಪ್ಪಲಾರೆ.

ಸವರುವುದರಿಂದ ಹೋಗುವುದು ಗಂಟು ಮಾತ್ರ, ಎಳಸು ಹೋಗುವುದಿಲ್ಲ. ಉಂಗುರ ಅವರು ಹೇಳಿದ 20 ಸೆಂಟಿಮೀಟರಿನ ಎಳಸು ದಿಂಡು, ಎಷ್ಟು ಅಚ್ಚುಕಟ್ಟಾಗಿ ಸವರಿದ ಪೈನ್ ಮರದಲ್ಲೂ ಹಾಗೆಯೇ ಇರುತ್ತದೆ. ಗಂಟಿಲ್ಲದೆ ನುಣುಪಾಗಿ ಕಾಣುವ ಹಲಗೆ ಆಮೇಲೆ ಬಾಗಿದಾಗ ಕೊಂಡವರಿಗೆ ಕಾರಣವೇ ತಿಳಿಯುವುದಿಲ್ಲ. ನೋಟದ ಬಳಕೆಗೆ, ಒಳಗಿನ ಪೀಠೋಪಕರಣಕ್ಕೆ ಅಂಥ ಹಲಗೆ ಸಾಕಾಗಬಹುದು, ಭಾರ ಹೊರುವ ತೊಲೆಗೆ ಸಾಲದು.

ಎರಡನೆಯದು ನನಗೆ ಇನ್ನೂ ಮುಖ್ಯವಾದದ್ದು: ಆಯ್ಕೆಯ ಅವಕಾಶ. ಕೊನೆಗೆ ಹೆಕ್ಟೇರಿಗೆ 300 ಮರ ಉಳಿಸುವುದಾದರೆ, 625 ನೆಟ್ಟವರು ಪ್ರತಿ ಎರಡರಲ್ಲಿ ಒಂದನ್ನು ಉಳಿಸಬೇಕು. 2500 ನೆಟ್ಟವರು ಎಂಟರಲ್ಲಿ ಒಂದನ್ನು ಉಳಿಸಿದರೆ ಸಾಕು. ಕಾಂಡದ ನೇರವು ದೊಡ್ಡ ಮಟ್ಟಿಗೆ ಹುಟ್ಟಿನಿಂದ ಬರುವ ಗುಣ, ದಟ್ಟವಾಗಿ ನೆಟ್ಟ ಮಾತ್ರಕ್ಕೆ ಡೊಂಕು ಬೀಜದ ಮರ ನೇರವಾಗುವುದಿಲ್ಲ. ತೇಗದಲ್ಲಿ ಕವಲೊಡೆಯುವುದನ್ನೇ ನೋಡಿ. ಅದರ ಹೂಗೊಂಚಲು ಕಾಂಡದ ತುದಿಯಲ್ಲೇ ಮೂಡುವುದರಿಂದ, ಎಳವೆಯಲ್ಲೇ ಹೂಬಿಟ್ಟ ಮರ ಅಲ್ಲಿಂದಾಚೆಗೆ ಎರಡಾಗಿ ಒಡೆಯುತ್ತದೆ, ಬೆಲೆಬಾಳುವ ಬುಡದ ದಿಮ್ಮಿ ಅಲ್ಲಿಗೇ ಮುಗಿಯುತ್ತದೆ. ತಡವಾಗಿ ಹೂಬಿಡುವ ಮರಗಳನ್ನು ಗುರುತಿಸಿ ಉಳಿಸಿಕೊಳ್ಳಲು ಕೈಯಲ್ಲಿ ಹೆಚ್ಚು ಮರಗಳಿರಬೇಕು. ನೇರ ಕಾಂಡಕ್ಕೆಂದೇ ಆರಿಸಿ ಬೆಳೆಸಿದ ತದ್ರೂಪಿ ಸಸಿಗಳು ಸಿಕ್ಕರೆ ಈ ವಾದ ಸಡಿಲವಾಗುತ್ತದೆ, ಆಗ ನೀವು ಹೇಳುವ ದೂರದ ಅಂತರವನ್ನು ನಾನೂ ಒಪ್ಪುತ್ತೇನೆ.

ಇಷ್ಟು ಹೇಳಿ ನನ್ನ ಮುಖ್ಯ ಮಾತನ್ನು ಬಿಡಿಸಿ ಹೇಳುತ್ತೇನೆ. ಅಂತರವನ್ನು ನೆಡುವ ದಿನ ಒಮ್ಮೆ ತೀರ್ಮಾನಿಸಿ ಮರೆಯುವ ಅಂಕಿಯೆಂದು ನಾವು ತಿಳಿದಿದ್ದೇವೆ, ಆದರೆ ಅದು ತೋಪು ಬದುಕಿರುವಷ್ಟು ಕಾಲವೂ ಬದಲಾಗಬೇಕಾದದ್ದು. ಎಳವೆಯಲ್ಲಿ ಕೊಂಬೆಯನ್ನೂ ಎಳಸನ್ನೂ ಹತೋಟಿಯಲ್ಲಿಡುವಷ್ಟು ಹತ್ತಿರ ಇರಬೇಕು, ಬುಡದ ದಿಮ್ಮಿಯ ಎತ್ತರದವರೆಗೆ ಕೊಂಬೆಗಳು ಸತ್ತ ಕೂಡಲೇ ಮುಡಿ ಕುಗ್ಗುವ ಮೊದಲು ಜಾಗ ಬಿಡಿಸಬೇಕು. ತೋಪಿನೊಡೆಯರ ದಟ್ಟ ತೋಪಿನಲ್ಲಿ ಮೊದಲ ಅರ್ಧ ಸರಿಯಾಗಿ ನಡೆಯಿತು, ಎರಡನೆಯ ಅರ್ಧ ನಡೆಯಲೇ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಅರಣ್ಯಶಾಸ್ತ್ರಜ್ಞ ಓಕಾನರ್ 1935ರಲ್ಲಿ ರೂಪಿಸಿದ ಪ್ರಯೋಗಗಳಲ್ಲಿ ಎಲ್ಲ ತುಣುಕುಗಳನ್ನೂ ದಟ್ಟವಾಗಿ ನೆಟ್ಟು, ಪೈಪೋಟಿ ಆರಂಭವಾಗುವ ಮುನ್ನವೇ ಹಂತ ಹಂತವಾಗಿ ಮರ ತೆಗೆಯುತ್ತಾ, ಹೆಕ್ಟೇರಿಗೆ ಸುಮಾರು 3000 ಮರಗಳಿಂದ ಹಿಡಿದು 124 ಮರಗಳವರೆಗಿನ ತೋಪುಗಳನ್ನು ಹೋಲಿಸಿದರು. ಮರಗಳ ಸಂಖ್ಯೆಯನ್ನು ಕಾಲದೊಂದಿಗೆ ಬದಲಾಗುವ ಸಂಗತಿಯಾಗಿ ನೋಡುವ ದೃಷ್ಟಿ ಅಂದಿನಿಂದಲೂ ಇದೆ. ಚಿಕ್ಕ ಜಾಗದಲ್ಲೇ ಹಲವು ಅಂತರಗಳನ್ನು ಹೋಲಿಸಬೇಕೆನ್ನುವವರಿಗೆ, ಗಾಲಿಯ ಕಡ್ಡಿಗಳಂತೆ ನಡುವಿನಿಂದ ಹೊರಕ್ಕೆ ಸಾಲುಗಳನ್ನು ಹರಡಿ ನೆಡುವ ವಿನ್ಯಾಸವನ್ನು ಸಂಖ್ಯಾಶಾಸ್ತ್ರಜ್ಞ ನೆಲ್ಡರ್ 1962ರಲ್ಲೇ ಪ್ರಕಟಿಸಿದ್ದಾರೆ. ಅದರಲ್ಲಿ ಒಳಗಿನ ಸುತ್ತಿನ ಮರಗಳು ಅತಿ ಹತ್ತಿರ, ಹೊರಗಿನವು ಅತಿ ದೂರ.

ಉಳಿ

ನಾನು ಬಡಗಿ, ಮರ ಬೆಳೆಸಿದವನಲ್ಲ. ತೋಪಿನೊಡೆಯರು ಹಲಗೆ ಬಿಲ್ಲಿನಂತೆ ಬಾಗಿತು ಎಂದದ್ದಕ್ಕೆ ಮಾತ್ರ ಉತ್ತರಿಸುತ್ತೇನೆ.

ಹಲಗೆಯ ಒಂದು ಅಂಚು ನಡುದಿಂಡಿನ ಪಕ್ಕದಿಂದಲೂ ಇನ್ನೊಂದು ಅಂಚು ತೊಗಟೆಯ ಪಕ್ಕದಿಂದಲೂ ಬಂದಿದ್ದರೆ ಎರಡು ಅಂಚುಗಳೂ ಒಣಗುವಾಗ ಒಂದೇ ರೀತಿ ಕುಗ್ಗುವುದಿಲ್ಲ. 3 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ಒಂದು ಅಂಚು ಉದ್ದದಲ್ಲಿ 0.1% ಮತ್ತು ಇನ್ನೊಂದು 0.5% ಕುಗ್ಗಿದರೆ, ಹಲಗೆ ನಡುವೆ ಸುಮಾರು 4.5 ಸೆಂಟಿಮೀಟರ್ ಬಾಗುತ್ತದೆ. ಅಷ್ಟು ಬಾಗಿದ ಹಲಗೆಯನ್ನು ಹತ್ತರಿ ಹೊಡೆದು ನೇರ ಮಾಡಲು ಹೋದರೆ ಉಳಿಯುವುದು ಅರ್ಧವೇ. ಆದ್ದರಿಂದ ಸೀಳಿಸುವಾಗ ನಡುದಿಂಡಿನ ಭಾಗವನ್ನು ಒಂದೇ ಚೌಕ ತುಂಡಾಗಿ ಬೇರೆ ತೆಗೆಸಿ, ಹಲಗೆಗಳನ್ನು ಅದರ ಹೊರಗಿನಿಂದ ತೆಗೆಸುವುದು ಒಳ್ಳೆಯದು. ಚಿಕ್ಕ ದಿಮ್ಮಿಯಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ ಎಂಬುದೂ ನಿಜ.

ವಾಲಿ ಬೆಳೆದ ಮರವನ್ನು ನಾನು ತುಂಬ ಎಚ್ಚರಿಕೆಯಿಂದ ನೋಡುತ್ತೇನೆ. ದಿಮ್ಮಿಯ ತುದಿಯಲ್ಲಿ ನಡುದಿಂಡು ನಡುವಿನಲ್ಲಿರದೆ ಒಂದು ಬದಿಗೆ ಸರಿದಿದ್ದರೆ ಆ ಮರ ವಾಲಿತ್ತು ಎಂದು ತಿಳಿಯಬಹುದು. ಒಮ್ಮೆ ಅಂಥ ದಿಮ್ಮಿಯ ಹಲಗೆಯಿಂದ ಬಾಗಿಲ ಚೌಕಟ್ಟು ಮಾಡಿಕೊಟ್ಟು, ಮುಂದಿನ ಬೇಸಿಗೆಯಲ್ಲಿ ಅದು ತಿರುಚಿಕೊಂಡಾಗ ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಡಬೇಕಾಯಿತು.

ಉಂಗುರ

ಉಳಿ ಅವರು ಹೇಳಿದ್ದು ಅಕ್ಷರಶಃ ಸರಿ. ವಾಲಿದ ಮರ ತನ್ನನ್ನು ನೆಟ್ಟಗೆ ನಿಲ್ಲಿಸಿಕೊಳ್ಳಲು ಬೇರೆಯೇ ಬಗೆಯ ಕಟ್ಟಿಗೆಯನ್ನು ಬೆಳೆಸುತ್ತದೆ. ಪೈನ್‌ನಂಥ ಸೂಜಿಯೆಲೆ ಮರಗಳು ವಾಲಿದ ಕೆಳಬದಿಯಲ್ಲಿ ಲಿಗ್ನಿನ್ ಹೆಚ್ಚಿರುವ, ಕಡುಬಣ್ಣದ ಕಟ್ಟಿಗೆಯನ್ನು ಬೆಳೆಸಿ ಕಾಂಡವನ್ನು ಮೇಲಕ್ಕೆ ತಳ್ಳುತ್ತವೆ. ತೇಗ, ನೀಲಗಿರಿಯಂಥ ಅಗಲೆಲೆ ಮರಗಳು ಮೇಲ್ಬದಿಯಲ್ಲಿ ಸೆಲ್ಯುಲೋಸ್ ಹೆಚ್ಚಿರುವ ಕಟ್ಟಿಗೆಯನ್ನು ಬೆಳೆಸಿ ಕಾಂಡವನ್ನು ಎಳೆದು ನಿಲ್ಲಿಸುತ್ತವೆ. ಇವೆರಡೂ ಉದ್ದದಲ್ಲಿ ಹೆಚ್ಚು ಕುಗ್ಗುತ್ತವೆ. ಎರಡನೆಯದರಲ್ಲಿ ಗರಗಸ ಹಾಯ್ದ ಮುಖ ನಯವಾಗದೆ ನಾರುನಾರಾಗಿ ಏಳುತ್ತದೆ, ಅದನ್ನು ಮಿಲ್ಲಿನಲ್ಲೇ ಗುರುತಿಸಬಹುದು.

ದಿಮ್ಮಿ ಅಳೆಯುವವರ ಮಾತಿಗೊಂದು ಸೇರ್ಪಡೆ. ಕಾಂಡ ಬೇಗ ಸಪೂರವಾಗುವುದರಿಂದ ಹಲಗೆಯಲ್ಲಿ ನಾರು ಓರೆಯಾಗಿ ಬಲ ಕುಗ್ಗುತ್ತದೆ ಎಂದು ಕೆಲವರು ಹೇಳುವುದುಂಟು. ಮೀಟರಿಗೆ 2 ಸೆಂಟಿಮೀಟರ್ ಸಪೂರವಾಗುವ ದಿಮ್ಮಿಯಲ್ಲೂ ಆ ಓರೆ ನೂರಕ್ಕೆ ಒಂದರಷ್ಟು ಮಾತ್ರ, ಅದು ಬಲಕ್ಕೆ ಧಕ್ಕೆ ತರುವ ಮಟ್ಟದ್ದಲ್ಲ. ಸಪೂರವಾಗುವುದು ಹಲಗೆಯ ಪ್ರಮಾಣವನ್ನು ಕಡಿಮೆ ಮಾಡುತ್ತದೆ, ಬಲವನ್ನು ಕಡಿಮೆ ಮಾಡುವುದು ಗಂಟು ಮತ್ತು ಎಳಸು.

ತೋಪಿನೊಡೆಯ

ನೀವೆಲ್ಲ ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞ. ನಿನ್ನೆ ಎರಡು ತೋಪುಗಳನ್ನೂ ಮತ್ತೆ ಸುತ್ತಿ ಅಳೆದೆ. ದಟ್ಟ ತೋಪಿನಲ್ಲಿ ಜೀವಂತ ಮುಡಿ ಮರದ ಎತ್ತರದ ಕಾಲು ಭಾಗಕ್ಕಿಂತ ಹೆಚ್ಚಿಲ್ಲ. ವಿರಳ ತೋಪಿನಲ್ಲಿ ಮುಡಿ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಅದರ ಕೆಳಗಿನ ಸತ್ತ ಕೊಂಬೆಗಳಲ್ಲಿ ಕೆಲವು ನನ್ನ ಹೆಬ್ಬೆರಳಿನಷ್ಟು, ಕೆಲವು ಮುಂಗೈಯಷ್ಟು ದಪ್ಪ ಇವೆ. ದಟ್ಟ ತೋಪಿನ ಅರ್ಧ ಮರಗಳನ್ನು ಈ ವರ್ಷವೇ ಕಡಿದುಬಿಡಲೇ?

ಹಂದರ

ದಯವಿಟ್ಟು ಒಮ್ಮೆಲೇ ಕಡಿಯಬೇಡಿ. ನಿಮ್ಮ ಅಳತೆಗಳಿಂದಲೇ ಕಾರಣ ಕಾಣುತ್ತದೆ. ಎತ್ತರವನ್ನು ವ್ಯಾಸದಿಂದ, ಎರಡನ್ನೂ ಮೀಟರಿನಲ್ಲಿಟ್ಟು, ಭಾಗಿಸಿ: ದಟ್ಟ ತೋಪಿನಲ್ಲಿ 13 ಮೀಟರ್ ಎತ್ತರಕ್ಕೆ 0.12 ಮೀಟರ್ ವ್ಯಾಸ, ಅಂದರೆ 108. ವಿರಳ ತೋಪಿನಲ್ಲಿ 13ಕ್ಕೆ 0.20, ಅಂದರೆ 65. ಈ ಸಂಖ್ಯೆ 100 ದಾಟಿದ ಮರಗಳು ನೆರೆಮರಗಳ ಆಸರೆಯಲ್ಲಿ ನಿಂತಿರುತ್ತವೆ, ಆಸರೆ ಹಠಾತ್ತನೆ ಹೋದರೆ ಗಾಳಿಗೆ ಬಾಗುತ್ತವೆ ಇಲ್ಲವೇ ಮುರಿಯುತ್ತವೆ ಎಂಬುದು ಮುಖ್ಯವಾಗಿ ಸೂಜಿಯೆಲೆ ಮರಗಳ ಅನುಭವದಿಂದ ಬಂದ ಅಳತೆಗೋಲು. ತೇಗಕ್ಕೂ ಅದನ್ನು ಎಚ್ಚರಿಕೆಯಾಗಿ ತೆಗೆದುಕೊಳ್ಳುವುದು ಕ್ಷೇಮ. ಬಾಗಿದ ಮರದಲ್ಲಿ ಉಂಗುರ ಅವರು ಹೇಳಿದ ಕಟ್ಟಿಗೆ ಬೆಳೆಯತೊಡಗುತ್ತದೆ, ಆಗ ಇದ್ದ ಒಂದೇ ಗುಣವಾದ ನೇರವೂ ಕೈಬಿಡುತ್ತದೆ. ಅಲ್ಲದೆ ಕಾಂಡದ ಮೇಲೆ ಒಮ್ಮೆಲೇ ಬೆಳಕು ಬಿದ್ದರೆ ತೇಗದಲ್ಲಿ ತೊಗಟೆಯಡಿಯ ಸುಪ್ತ ಮೊಗ್ಗುಗಳು ಚಿಗುರಿ, ಈವರೆಗೆ ಗಂಟಿಲ್ಲದೆ ಉಳಿದ ಬುಡದ ದಿಮ್ಮಿಯಲ್ಲೇ ಹೊಸ ಗಂಟುಗಳು ಹುಟ್ಟುತ್ತವೆ.

ಹೀಗೆ ಮಾಡಿ. ಮೊದಲು ಉಳಿಸಿಕೊಳ್ಳುವ ಮರಗಳಿಗೆ ಬಣ್ಣದ ಪಟ್ಟಿ ಹಾಕಿ, ಕಡಿಯುವವಕ್ಕೆ ಅಲ್ಲ. ಮೊದಲ 5–6 ಮೀಟರ್ ನೇರವಾಗಿರುವ, ಕವಲಿಲ್ಲದ, ಬುಡದಲ್ಲಿ ಆಳವಾದ ತೋಡುಗಳಿಲ್ಲದ, ಮುಡಿ ಎಲ್ಲ ಕಡೆಗೂ ಹರಡಿರುವ ಮರಗಳನ್ನು ಆರಿಸಿ. ದಪ್ಪವೊಂದನ್ನೇ ನೋಡಿ ಆರಿಸಬೇಡಿ, ಏಕೆಂದರೆ ದಟ್ಟ ತೋಪಿನಲ್ಲಿ ಎಲ್ಲಕ್ಕಿಂತ ದಪ್ಪನೆಯದು ಹಲವು ಬಾರಿ ಸುತ್ತಲಿನವನ್ನು ಅದುಮಿ ಬೆಳೆದ, ದಪ್ಪ ಕೊಂಬೆಗಳ ಮರವೇ ಆಗಿರುತ್ತದೆ. ಆಮೇಲೆ ಪ್ರತಿ ಗುರುತಿನ ಮರದ ಮುಡಿಯನ್ನು ಒತ್ತುತ್ತಿರುವ ಒಂದೆರಡು ಮರಗಳನ್ನಷ್ಟೇ ಈ ವರ್ಷ ತೆಗೆಯಿರಿ. ಮುಡಿ ಅಗಲವಾಗುತ್ತಿರುವುದು ಕಂಡ ಮೇಲೆ, ಎರಡು ಮೂರು ವರ್ಷ ಬಿಟ್ಟು, ಮುಂದಿನ ಸುತ್ತು ಮಾಡಿ.

ವಿರಳ ತೋಪಿನಲ್ಲಿ ಕಳೆದುಹೋದ ಭಾಗವನ್ನು ಮರಳಿ ತರಲಾಗದು, ಒಳಗೆ ಸೇರಿದ ಗಂಟುಗಳು ಒಳಗೇ ಇರುತ್ತವೆ. ಆದರೆ ಮುಂದೆ ಬೆಳೆಯುವ ಕಟ್ಟಿಗೆಯನ್ನು ಶುದ್ಧವಾಗಿಡಬಹುದು. ಸತ್ತ ಕೊಂಬೆಗಳೆಲ್ಲವನ್ನೂ, ದಪ್ಪ ಎಷ್ಟೇ ಇರಲಿ, ತೆಗೆಯಿರಿ. ಜೀವಂತ ಕೊಂಬೆಗಳಲ್ಲಿ 3 ಸೆಂಟಿಮೀಟರಿಗಿಂತ ಸಪೂರವಾದವನ್ನು ಮಾತ್ರ ಸವರಿ, ಅದಕ್ಕಿಂತ ದಪ್ಪನೆಯ ಗಾಯ ಮುಚ್ಚಲು ಬಹಳ ಕಾಲ ಹಿಡಿದು ಕೊಳೆತ ಒಳಸೇರಬಹುದು. ಕತ್ತಿಯಿಂದ ಹೊಡೆಯುವ ಬದಲು ಕೈಗರಗಸ ಬಳಸಿ. ಕೊಂಬೆಯ ಬುಡದಲ್ಲಿ ಉಬ್ಬಿರುವ ತೊಗಟೆಯ ಬಳೆಯನ್ನು ಗಾಯಗೊಳಿಸದೆ, ಅದರ ಹೊರಗೇ ಕೊಯ್ಯಿರಿ. ಮೋಟು ಉಳಿಸಬೇಡಿ, ಉಳಿದ ಮೋಟು ಮತ್ತೊಂದು ಸತ್ತ ಗಂಟಾಗುತ್ತದೆ.

ದಿಮ್ಮಿ ಅಳೆಯುವವ

ಒಂದು ಕೆಲಸವನ್ನು ಸೇರಿಸುತ್ತೇನೆ. ಕಡಿದ ಪ್ರತಿ ಮರದ ಬುಡದಿಂದಲೂ 5 ಮೀಟರ್ ಎತ್ತರದಿಂದಲೂ ಎರಡೆರಡು ಬೆರಳು ದಪ್ಪದ ಒಂದು ಬಿಲ್ಲೆ ಕತ್ತರಿಸಿಡಿ. ಅದರ ಮೇಲೆ ತೋಪಿನ ಹೆಸರು, ಕಡಿದ ವರ್ಷ ಬರೆದು ನೆರಳಲ್ಲಿ ಒಣಗಿಸಿ. ಚೇಗು ಎಲ್ಲಿಯವರೆಗೆ ಬಂದಿದೆ, ಗಂಟುಗಳು ನಡುದಿಂಡಿನಿಂದ ಎಷ್ಟು ದೂರದವರೆಗೆ ಇವೆ, ಉಂಗುರಗಳು ಯಾವ ವರ್ಷದಿಂದ ಕಿರಿದಾದವು ಎಂಬುದೆಲ್ಲ ಅದರಲ್ಲೇ ಕಾಣುತ್ತದೆ. ದಟ್ಟ ತೋಪಿನ ಬಿಲ್ಲೆಯಲ್ಲಿ ಉಂಗುರಗಳು ಒಮ್ಮೆಲೇ ಕಿರಿದಾದ ವರ್ಷವೇ ನೀವು ಮೊದಲ ಬಾರಿ ಮರ ತೆಗೆಯಬೇಕಿದ್ದ ವರ್ಷ, ಮುಂದಿನ ತೋಪಿಗೆ ಆ ಅಂಕಿ ನಿಮಗೆ ಬೇಕಾಗುತ್ತದೆ.

ತೋಪಿನೊಡೆಯ

ಇವತ್ತು ಬೆಳಿಗ್ಗೆ, ಹೋದ ತಿಂಗಳು ಕಡಿದ ಬುಡಗಳ ಮುಖವನ್ನು ಉಳಿಯಿಂದ ನಯಮಾಡಿ ಉಂಗುರ ಎಣಿಸಿದೆ. ದಟ್ಟ ತೋಪಿನ ಮೂರು ಬುಡಗಳಲ್ಲೂ ಆರನೆಯ ಉಂಗುರದ ನಂತರದವು ಒಂದಕ್ಕೊಂದು ಅಂಟಿಕೊಂಡಂತೆ ಕಿರಿದಾಗಿವೆ. ವಿರಳ ತೋಪಿನವು ಹನ್ನೆರಡರವರೆಗೂ ಅಗಲವಾಗಿಯೇ ಇವೆ. ಬಣ್ಣದ ಡಬ್ಬಿ ತಂದಿಟ್ಟಿದ್ದೇನೆ, ಉಳಿಸುವ ಮರಗಳಿಗೆ ಪಟ್ಟಿ ಹಾಕುವ ಕೆಲಸವನ್ನು ದಟ್ಟ ತೋಪಿನಿಂದಲೇ ಆರಂಭಿಸುತ್ತೇನೆ.